ದ್ವೀಪಗಳಿಂದ ಬಂದ ಪತ್ರಗಳು: ಸ್ಪೇನಿನ ಧರ್ಮಪ್ರಚಾರಕರ ಆದಿಮುದ್ರಿತ ವರದಿಗಳನ್ನು ಓದುವ ಬಗೆ

ಪ್ರತಿ ವರ್ಷ ಡಿಸೆಂಬರ್ 3ರಂದು, ಸಂತ ಫ್ರಾನ್ಸಿಸ್ ಝೇವಿಯರ್ ಅವರ ಹಬ್ಬದ ದಿನ, ದೈನಿಕ ಪ್ರಾರ್ಥನಾವಿಧಿಯ ವಾಚನಭಾಗದಲ್ಲಿ ನಾವು ಅವರ ಪತ್ರಗಳಿಂದಲೇ ಆಯ್ದ ಮಾತುಗಳನ್ನು ಓದುತ್ತೇವೆ. ವಿದ್ಯೆಯುಂಟು, ಪ್ರೀತಿಯಿಲ್ಲ ಎನ್ನುವಂತಿದ್ದ ಯೂರೋಪಿನ ವಿಶ್ವವಿದ್ಯಾಲಯಗಳಿಗೆ, ಅದರಲ್ಲೂ ಪ್ಯಾರಿಸಿಗೆ ಹೋಗಿ, ಮತಿಗೆಟ್ಟವನಂತೆ ಕೂಗಿ ಹೇಳಬೇಕೆಂಬ ಹಂಬಲವನ್ನು ಸಂತರು ತೋಡಿಕೊಳ್ಳುವ ಭಾಗವದು. ಅದನ್ನು ಅವರು ಬರೆದದ್ದು 1544ರ ಜನವರಿ 15ರಂದು, ಕೊಚ್ಚಿಯಲ್ಲಿ. ಮರುವರ್ಷವೇ, ಅಂದರೆ 1545ರಲ್ಲಿ, ಭಾರತದಿಂದ ಬಂದ ಈ ಸಮಾಚಾರ ಪ್ಯಾರಿಸಿನಲ್ಲಿ ಫ್ರೆಂಚ್ ಭಾಷೆಯ ಸಣ್ಣ ಹೊತ್ತಗೆಯಾಗಿ ಅಚ್ಚಾಯಿತು. ಯಾವ ನಗರದಲ್ಲಿ ಕೂಗಬೇಕೆಂದು ಅವರು ಬಯಸಿದ್ದರೋ ಆ ನಗರದಲ್ಲಿ ಅವರ ಪರವಾಗಿ ಮುದ್ರಣಯಂತ್ರವೇ ಕೂಗಿತು ಎನ್ನಬಹುದು.

ಹೀಗೆ ಆರಂಭವಾದ ಪರಂಪರೆ ಮುಂದಿನ ಒಂದೂವರೆ ಶತಮಾನದಲ್ಲಿ ದೊಡ್ಡ ಗ್ರಂಥರಾಶಿಯಾಗಿ ಬೆಳೆಯಿತು. ಮಲುಕ್ಕು, ಜಪಾನ್, ಫಿಲಿಪೀನ್ಸ್, ಮರಿಯಾನಾ ದ್ವೀಪಗಳಿಂದ ಸ್ಪೇನ್ ಮೂಲದ ಗುರುಗಳು ಬರೆದು ಕಳುಹಿಸಿದ ವರದಿಗಳು ರೋಮ್, ಮ್ಯಾಡ್ರಿಡ್ ಮೊದಲಾದ ನಗರಗಳಲ್ಲಿ ಅಚ್ಚಾದವು. ಇಂದು ಅವುಗಳ ಮೂಲ ಪ್ರತಿಗಳು ಕೆಲವೇ ಗ್ರಂಥಾಲಯಗಳಲ್ಲಿ ಉಳಿದಿರುವ ಅಪೂರ್ವ ವಸ್ತುಗಳು. ಅವು ಅಪೂರ್ವವೆಂಬ ಕಾರಣಕ್ಕೆ ಮಾತ್ರ ಈ ಲೇಖನವನ್ನು ಬರೆಯುತ್ತಿಲ್ಲ. ಕೆಂಗೇರಿ, ಜ್ಞಾನಭಾರತಿ, ನಾಗರಭಾವಿಯ ಸುತ್ತಲಿನ ನಮ್ಮ ಗುರುಮಠಗಳಲ್ಲಿ ಕನ್ನಡ, ಕೊಂಕಣಿ, ತಮಿಳು ಮನೆಮಾತಿನವರ ಪಕ್ಕದಲ್ಲಿ ಛೋಟಾನಾಗಪುರದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಬಂದ ವಿದ್ಯಾರ್ಥಿಗಳು ಕುಳಿತಿರುತ್ತಾರೆ. ಒಮ್ಮೆ ತರಗತಿಯಲ್ಲಿ ಝೇವಿಯರ್ ಅವರು ಅಂಬೋನಿನಿಂದ ಬರೆದ ಪತ್ರವನ್ನು ಓದುತ್ತಿದ್ದಾಗ ಅಂಥ ಒಬ್ಬ ಸಹೋದರರು ಎದ್ದು ನಿಂತು, "ಫಾದರ್, ನಮ್ಮ ಅಜ್ಜಂದಿರ ವಿಷಯದಲ್ಲೂ ಹೀಗೆಯೇ ಬರೆದಿರುತ್ತಾರಲ್ಲವೇ? ಸಂತರು ಬರೆದರೆಂಬ ಕಾರಣಕ್ಕೆ ಇದನ್ನು ನಂಬಬೇಕೇ?" ಎಂದು ಕೇಳಿದರು. ಆ ದಿನ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಇಲ್ಲಿ ಆ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳುತ್ತಿದ್ದೇನೆ.

ಪತ್ರವು ಪುಸ್ತಕವಾದ ಬಗೆ

ಈ ಬರಹಗಳನ್ನು ಓದುವ ಮೊದಲು ಅವು ಹೇಗೆ ಸಿದ್ಧವಾದವೆಂಬುದನ್ನು ತಿಳಿಯಬೇಕು. ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲಾ ಅವರು 1542ರ ಡಿಸೆಂಬರಿನಲ್ಲಿ ಪೀಟರ್ ಫೇಬರ್ ಅವರಿಗೆ ಬರೆದ ಪತ್ರದಲ್ಲಿ ಒಂದು ನಿಯಮವನ್ನು ಸ್ಪಷ್ಟಪಡಿಸಿದರು. ಯಾರಿಗೆ ಬೇಕಾದರೂ ತೋರಿಸಬಹುದಾದ ಮುಖ್ಯಪತ್ರವನ್ನು ಎಚ್ಚರಿಕೆಯಿಂದ ಬರೆದು, ತಿದ್ದಿ, ಮತ್ತೆ ಬರೆಯಬೇಕು. ಅದರಲ್ಲಿ ಓದುಗರ ಭಕ್ತಿಯನ್ನು ವೃದ್ಧಿಪಡಿಸುವ ಸಂಗತಿಗಳಿರಬೇಕು. ಕಾಯಿಲೆ, ಮನಸ್ತಾಪ, ಹಣಕಾಸು, ಸೋಲುಗಳ ವಿಚಾರ ಬೇರೆ ಹಾಳೆಗಳಲ್ಲಿ ಇರಬೇಕು. ಅಚ್ಚಿನ ಮನೆಗೆ ಹೋದದ್ದು ಬಹುಮಟ್ಟಿಗೆ ಮೊದಲನೆಯದು. ಎರಡನೆಯದು ಕಪಾಟಿನಲ್ಲಿ ಉಳಿಯಿತು.

ಇದರಲ್ಲಿ ಮೋಸವನ್ನು ಕಾಣಬೇಕಾಗಿಲ್ಲ. ನಾವೂ ಧರ್ಮಕೇಂದ್ರದ ವಾರ್ಷಿಕ ವರದಿಯನ್ನು ಒಂದು ಬಗೆಯಲ್ಲಿ, ಮೇಲಧಿಕಾರಿಗಳಿಗೆ ಗುಪ್ತಪತ್ರವನ್ನು ಇನ್ನೊಂದು ಬಗೆಯಲ್ಲಿ ಬರೆಯುತ್ತೇವೆ. ಆದರೆ ಮುದ್ರಿತ ವರದಿಯನ್ನೇ ಇಡೀ ಸತ್ಯವೆಂದು ಓದಿದವನು ಅರ್ಧವನ್ನೇ ಓದಿದಂತಾಯಿತು. ದೂರದ ಅಂತರವೂ ಇದಕ್ಕೆ ಸೇರಿತ್ತು. ಗೋವೆಯಿಂದ ಲಿಸ್ಬನ್ನಿಗೆ ಹಡಗುಗಳು ಗಾಳಿಯ ಕಾಲ ನೋಡಿ ವರ್ಷಕ್ಕೊಮ್ಮೆ ಹೊರಡುತ್ತಿದ್ದವು. ಮಲುಕ್ಕು ಅಥವಾ ಜಪಾನಿನ ಪತ್ರಕ್ಕೆ ಉತ್ತರ ಬರಲು ವರ್ಷಗಳೇ ಬೇಕಾಗುತ್ತಿದ್ದವು. ಝೇವಿಯರ್ ಅವರನ್ನು ಯೂರೋಪಿಗೆ ಮರಳಿ ಕರೆದು ಇಗ್ನೇಷಿಯಸ್ ಅವರು ಪತ್ರ ಬರೆದದ್ದು 1553ರ ಜೂನಿನಲ್ಲಿ. ಅಷ್ಟರಲ್ಲಿ ಝೇವಿಯರ್ ಅವರು ಚೀನಾದ ಕರಾವಳಿಯ ಸಾನ್‌ಚಿಯಾನ್ ದ್ವೀಪದಲ್ಲಿ ತೀರಿಕೊಂಡು ಆರು ತಿಂಗಳು ಕಳೆದಿತ್ತು. ತಪ್ಪು ತಿಳಿವಳಿಕೆಯೊಂದು ಅಚ್ಚಾದರೆ, ಅದನ್ನು ತಿದ್ದುವ ಮಾತು ಬರುವಷ್ಟರಲ್ಲಿ ಪುಸ್ತಕ ಹಲವು ಕೈ ದಾಟಿರುತ್ತಿತ್ತು.

ಆದ್ದರಿಂದ ನಮ್ಮ ಮೊದಲ ಪ್ರಶ್ನೆ: ಈ ಬರಹವನ್ನು ಯಾರಿಗಾಗಿ ಬರೆದರು, ಅಚ್ಚಿಗೆ ಹೋಗುವ ಮುನ್ನ ಯಾವುದನ್ನು ಬದಿಗಿಟ್ಟರು?

ಕಂಡದ್ದು ಮತ್ತು ಕೇಳಿದ್ದು

1506ರಲ್ಲಿ ನವಾರ್ರಾದಲ್ಲಿ ಹುಟ್ಟಿದ ಝೇವಿಯರ್ ಅವರು ಪೋರ್ಚುಗಲ್ ದೊರೆಯ ಆಶ್ರಯದಲ್ಲಿ 1541ರ ಏಪ್ರಿಲಿನಲ್ಲಿ ಲಿಸ್ಬನ್ ಬಿಟ್ಟು, 1542ರ ಮೇ 6ರಂದು ಗೋವೆಗೆ ಬಂದರು. ದಾರಿಯಲ್ಲಿ ಸೊಕೋತ್ರಾ ದ್ವೀಪದಲ್ಲಿ ಇಳಿದಿದ್ದರು. ಅಲ್ಲಿನ ಜನ ತಮ್ಮನ್ನು ಪ್ರೇಷಿತ ಸಂತ ತೋಮರ ಕ್ರೈಸ್ತರೆಂದು ಹೇಳಿಕೊಳ್ಳುತ್ತಿದ್ದರು. ಅವರ ಯಾಜಕರಿಗೆ ಓದುಬರಹ ಬಾರದು, ಜಪಗಳೆಲ್ಲ ಬಾಯಿಪಾಠ, ಜಪದ ಭಾಷೆ ಅವರಿಗೇ ಅರ್ಥವಾಗದು. ಗಂಟೆಗಳಿಲ್ಲ, ಪವಿತ್ರ ವಾರದಲ್ಲಿ ನಾವು ಗಂಟೆಯ ಬದಲಿಗೆ ಮರದ ಸದ್ದು ಮಾಡುವಂತೆ, ಅವರು ಮರವನ್ನು ಬಡಿದು ಜನರನ್ನು ಪ್ರಾರ್ಥನೆಗೆ ಕರೆಯುತ್ತಿದ್ದರು. ಈ ವಿವರ ಸುಳ್ಳಾಗಲಾರದು. ಮರದ ಸದ್ದನ್ನು ಕಿವಿಯಾರೆ ಕೇಳಿದವರು ಮಾತ್ರ ಹೀಗೆ ಹೋಲಿಸಿ ಹೇಳಬಲ್ಲರು. ಪೌರಸ್ತ್ಯ ಸಿರಿಯಾಕ್ ಪರಂಪರೆಯ ಒಂದು ಕೊಂಬೆ ಸಮುದ್ರದ ನಡುವೆ ಒಣಗುತ್ತಿದ್ದುದನ್ನು ಈ ಪತ್ರ ನಮಗೆ ಉಳಿಸಿಕೊಟ್ಟಿದೆ.

ಇನ್ನು ಅಂಬೋನಿನ ಪತ್ರ. 1546ರ ಫೆಬ್ರವರಿಯಲ್ಲಿ ಅವರು ಆ ದ್ವೀಪವನ್ನು ತಲುಪಿದರು. ಪತ್ರ ಮೇ 10ರದು. ಹಾಲು ಕೊಡುವ ಹೋತವೊಂದನ್ನು ಅಲ್ಲಿ ನೋಡಿದೆನೆಂದು ಅವರು ಬರೆಯುತ್ತಾರೆ. ಸ್ವತಃ ಕಣ್ಣಾರೆ ಕಾಣದಿದ್ದರೆ ತಾನು ನಂಬುತ್ತಿರಲಿಲ್ಲ ಎಂಬುದನ್ನೂ ಸೇರಿಸುತ್ತಾರೆ. ಅಪರೂಪಕ್ಕೆ ಗಂಡು ಆಡುಗಳಲ್ಲಿ ಹೀಗಾಗುವುದು ಪಶುವೈದ್ಯರಿಗೆ ಗೊತ್ತಿರುವ ಸಂಗತಿ. ಆದರೆ ಅದೇ ಪತ್ರದಲ್ಲಿ ನೆರೆಯ ದ್ವೀಪಗಳ ಜನ ನರಮಾಂಸ ತಿನ್ನುತ್ತಾರೆ, ಔತಣಕ್ಕಾಗಿ ಮುದಿ ತಂದೆಯನ್ನು ನೆರೆಯವರಿಂದ ಕಡ ಕೇಳುತ್ತಾರೆ ಎಂಬ ಮಾತೂ ಇದೆ. ಇಲ್ಲಿ ತಾನು ಕಂಡೆನೆಂಬ ಸಾಕ್ಷ್ಯವಿಲ್ಲ. ಬಂದರಿನಲ್ಲಿ, ಹಡಗಿನಲ್ಲಿ ವ್ಯಾಪಾರಿಗಳ ಬಾಯಿಂದ ಹರಡುತ್ತಿದ್ದ ಕಥೆಗಳ ಧಾಟಿ ಅದು. ಒಬ್ಬರೇ ಬರೆದ ಒಂದೇ ಪತ್ರದಲ್ಲಿ ಎರಡು ಬಗೆಯ ತೂಕದ ಮಾತುಗಳಿವೆ. ಓದುಗರು ಈ ವ್ಯತ್ಯಾಸವನ್ನು ಗಮನಿಸದೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರಿಂದ, ಹಲವು ದ್ವೀಪವಾಸಿಗಳಿಗೆ ಶತಮಾನಗಳ ಕಾಲ ಅಳಿಯದ ಕಳಂಕ ಅಂಟಿತು.

ಅದೇ ದ್ವೀಪಸಮೂಹದ ಕುರಿತು 1548ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಪತ್ರದ ಧ್ವನಿ ಬೇರೆ. ಮೊರೊ ಪ್ರದೇಶದಲ್ಲಿ ಮೂರು ತಿಂಗಳು ಅಲೆದು, ಭೂಕಂಪ, ಬೆಂಕಿಯುಗುಳುವ ಬೆಟ್ಟ, ವಿಷಪ್ರಯೋಗದ ಭೀತಿಯ ನಡುವೆ ಜನರೊಂದಿಗೆ ಬಾಳಿ ಬಂದವರ ಮಾತದು. ಆ ದ್ವೀಪಗಳನ್ನು ದೇವರಲ್ಲಿ ಭರವಸೆಯಿಡುವ ದ್ವೀಪಗಳೆಂದು ಕರೆಯಬೇಕೆಂದು ಅವರು ಹೇಳುತ್ತಾರೆ. ತೆರ್ನಾತೆಯಲ್ಲಿ ಹುಡುಗರು ಬೀದಿಯಲ್ಲಿ, ಹೆಂಗಸರು ಮನೆಯಲ್ಲಿ, ಬೆಸ್ತರು ಕಡಲಿನಲ್ಲಿ ಧರ್ಮೋಪದೇಶವನ್ನೇ ಹಾಡಿಕೊಳ್ಳುತ್ತಿದ್ದುದನ್ನು ನೆನೆಯುತ್ತಾರೆ. ಒಡನಾಟ ಬೆಳೆದಂತೆ ಗಾಳಿಮಾತು ಹಿಂದೆ ಸರಿದು, ಹೆಸರು, ದನಿ, ಕೆಲಸಗಳುಳ್ಳ ಮನುಷ್ಯರು ಮುಂದೆ ಬರುತ್ತಾರೆ. ಅಂದು ನನ್ನ ವಿದ್ಯಾರ್ಥಿಗೆ ನಾನು ಹೇಳಬೇಕಾಗಿದ್ದುದು ಇದನ್ನೇ. ಸಂತರ ಪಾವಿತ್ರ್ಯ ಅವರು ಕೇಳಿದ ಕಥೆಗಳಿಗೆ ಪ್ರಮಾಣವಾಗದು. ಆದರೆ ಅವರ ಕಣ್ಣು ನಿಧಾನವಾಗಿ ತೆರೆದುಕೊಂಡ ಪರಿ ನಮಗೆ ಮಾದರಿಯಾದೀತು.

ಯಾರ ನುಡಿಯಲ್ಲಿ ದೇವರ ಹೆಸರು?

1593ರಲ್ಲಿ ಮನಿಲಾದಲ್ಲಿ ಸ್ಪ್ಯಾನಿಷ್ ಮತ್ತು ತಗಾಲೊಗ್ ಭಾಷೆಗಳ 'ದೊಕ್ತ್ರಿನಾ ಕ್ರಿಸ್ತಿಯಾನಾ' ಎಂಬ ಧರ್ಮೋಪದೇಶ ಪುಸ್ತಕ ಮರದ ಅಚ್ಚುಗಳಿಂದ ಮುದ್ರಿತವಾಯಿತು. ತಗಾಲೊಗ್ ಪಾಠವು ರೋಮನ್ ಲಿಪಿಯಲ್ಲೂ ದೇಶೀಯ 'ಬೈಬಾಯಿನ್' ಲಿಪಿಯಲ್ಲೂ ಇದೆ. ಇಂದು ಜಗತ್ತಿನಲ್ಲಿ ತಿಳಿದಿರುವುದು ಇದರ ಒಂದೇ ಒಂದು ಪ್ರತಿ. 1946ರಲ್ಲಿ ಬೆಳಕಿಗೆ ಬಂದ ಅದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಈ ಅಪೂರ್ವತೆಯ ಹಿಂದೆ ಒಂದು ಪಾಠವಿದೆ. ಜನ ಕೈಯಲ್ಲಿ ಹಿಡಿದು ಜಪ ಕಲಿತ ಪುಸ್ತಕ ಸವೆದು, ತೇವಕ್ಕೂ ಹುಳುವಿಗೂ ತುತ್ತಾಗಿ ಮಾಯವಾಯಿತು. ಅದೇ ಜನರ ಬಗ್ಗೆ ಯೂರೋಪಿನವರಿಗಾಗಿ ಅಚ್ಚಾದ ವರದಿಗಳು ತಂಪಾದ ಗ್ರಂಥಾಲಯಗಳಲ್ಲಿ ಸುರಕ್ಷಿತವಾಗಿ ಉಳಿದವು. ಇತಿಹಾಸವನ್ನು ಉಳಿದ ಪುಸ್ತಕಗಳಿಂದಷ್ಟೇ ಬರೆದರೆ, ಪ್ರಾರ್ಥಿಸಿದವರಿಗಿಂತ ವರದಿ ಮಾಡಿದವರೇ ಹೆಚ್ಚು ಕಾಣಿಸಿಕೊಳ್ಳುವುದು ಇದರಿಂದಲೇ.

ಉಳಿದ ವರದಿಗಳಲ್ಲಿ ಶ್ರೇಷ್ಠವಾದದ್ದು ಪೇದ್ರೊ ಚಿರೀನೊ ಅವರ ಫಿಲಿಪೀನ್ಸ್ ವೃತ್ತಾಂತ. ಸ್ಪೇನಿನ ಒಸೂನಾದವರಾದ ಈ ಯೇಸುಸಭೆಯ ಗುರು 1590ರಲ್ಲಿ ಆ ದ್ವೀಪಗಳಿಗೆ ಬಂದು, ಮುಂದೆ ರೋಮಿಗೆ ಪ್ರತಿನಿಧಿಯಾಗಿ ಹೋದಾಗ 1604ರಲ್ಲಿ ಪುಸ್ತಕವನ್ನು ಅಚ್ಚು ಹಾಕಿಸಿದರು. 'ನಮೋ ಮರಿಯಾ' ಜಪವನ್ನು ದ್ವೀಪಗಳ ಮೂರು ಭಾಷೆಗಳಲ್ಲಿ ಕೊಟ್ಟು, ತಗಾಲೊಗ್ ನುಡಿಯಲ್ಲಿ ಹೀಬ್ರೂ, ಗ್ರೀಕ್, ಲ್ಯಾಟಿನ್, ಸ್ಪ್ಯಾನಿಷ್ ನಾಲ್ಕರ ಗುಣಗಳೂ ಇವೆಯೆಂದು ಹೊಗಳುತ್ತಾರೆ. ಗಂಡಸರೂ ಹೆಂಗಸರೂ ಬಹುಪಾಲು ಎಲ್ಲರೂ ತಮ್ಮ ಲಿಪಿಯಲ್ಲಿ ಓದಿ ಬರೆಯಬಲ್ಲರೆಂದು ದಾಖಲಿಸುತ್ತಾರೆ. ಅನ್ಯರನ್ನು ಅನಕ್ಷರಸ್ಥ ಅನಾಗರಿಕರೆಂದು ಚಿತ್ರಿಸುವುದು ಸುಲಭವಾಗಿದ್ದ ಕಾಲದಲ್ಲಿ ಈ ಸಾಕ್ಷ್ಯಕ್ಕೆ ಬೆಲೆಯಿದೆ.

ಬೈಬಾಯಿನ್ ನಮ್ಮ ಲಿಪಿಗೆ ದೂರದ ನೆಂಟ. ಎರಡೂ ಬ್ರಾಹ್ಮೀ ಕುಲಕ್ಕೆ ಸೇರಿದವು. ಮೂರು ಸ್ವರ, ಹದಿನಾಲ್ಕು ವ್ಯಂಜನ, ಒಟ್ಟು 17 ಅಕ್ಷರ. ಆದರೆ ಅದರಲ್ಲಿ ಒತ್ತಕ್ಷರವಿಲ್ಲ, ಸ್ವರವಿಲ್ಲದ ವ್ಯಂಜನವನ್ನು ತೋರಿಸುವ ಗುರುತೂ ಇಲ್ಲ. 'ಬುಂದೊಕ್' ಎಂಬ ಮಾತನ್ನು 'ಬುದೊ' ಎಂದಷ್ಟೇ ಬರೆಯಬೇಕು. ಉಳಿದದ್ದನ್ನು ಓದುವವನೇ ತುಂಬಿಕೊಳ್ಳಬೇಕು. ಅಗಸ್ಟೀನಿಯನ್ ಸಭೆಯ ಫ್ರಾನ್ಸಿಸ್ಕೊ ಲೋಪೆಸ್ ಅವರು 1620ರ ಹೊತ್ತಿಗೆ ಇಲೊಕಾನೊ ಭಾಷೆಯ ಧರ್ಮೋಪದೇಶ ಪುಸ್ತಕವನ್ನು ಅಚ್ಚಿಗೆ ಸಿದ್ಧಪಡಿಸುವಾಗ, ಅಕ್ಷರದ ಅಡಿಯಲ್ಲಿ ಪುಟ್ಟ ಶಿಲುಬೆಯ ಗುರುತನ್ನಿಟ್ಟು ಸ್ವರವನ್ನು ತೆಗೆಯುವ ಉಪಾಯ ಹೂಡಿದರು. ನಮ್ಮಲ್ಲಿ 'ಕ'ವನ್ನು 'ಕ್' ಮಾಡುವ ಗುರುತಿನ ಕೆಲಸವನ್ನೇ ಅಲ್ಲಿ ಶಿಲುಬೆ ಮಾಡಿತು. ಪರಭಾಷೆಯ ಗುರುವಿಗೆ ತಪ್ಪಿಲ್ಲದೆ ಓದಲು ಅದು ಬೇಕಿತ್ತು. ತಮ್ಮ ಮಾತನ್ನು ತಾವೇ ಬಲ್ಲ ದೇಶೀಯರಿಗೆ ಬೇಕಿರಲಿಲ್ಲ. ಅವರು ಅದನ್ನು ತಮ್ಮ ಬರವಣಿಗೆಗೆ ತೆಗೆದುಕೊಳ್ಳಲಿಲ್ಲ.

ಲಿಪಿಗಿಂತ ಕಠಿಣವಾದದ್ದು ಪದಗಳ ಪ್ರಶ್ನೆ. ತಗಾಲೊಗ್ ಜನರಿಗೆ 'ಬಾತಾಲಾ' ಎಂಬ ದೈವನಾಮವಿದ್ದರೂ ಸ್ಪೇನಿನ ಗುರುಗಳು 'ದಿಯೋಸ್' ಎಂಬ ತಮ್ಮ ಪದವನ್ನೇ ಉಳಿಸಿಕೊಂಡರು. ಪವಿತ್ರಾತ್ಮ, ಶಿಲುಬೆ ಮೊದಲಾದ ಪದಗಳನ್ನೂ ಅನುವಾದಿಸಲಿಲ್ಲ. ಇದಕ್ಕೆ ಬರಿಯ ದರ್ಪ ಕಾರಣವಲ್ಲ. ಜಪಾನಿನಲ್ಲಿ ಝೇವಿಯರ್ ಅವರು 1549ರಿಂದ ಸುಮಾರು ಎರಡು ವರ್ಷ ದೇವರನ್ನು 'ದೈನಿಚಿ' ಎಂದು ಸಾರಿದ್ದರು. ಅದು ಮಹಾವೈರೋಚನ ಬುದ್ಧನ ಹೆಸರೆಂದು ತಿಳಿದಾಗ ಗಾಬರಿಗೊಂಡು 'ದೇವುಸ್' ಎಂಬ ಲ್ಯಾಟಿನ್ ಪದಕ್ಕೆ ಮರಳಿದರು. ಅನುವಾದಿಸಿದರೆ ಅರ್ಥ ಬೆರೆತುಹೋಗುವ ಭಯ. ಅನುವಾದಿಸದಿದ್ದರೆ ದೇವರು ಪರದೇಶಿಯಾಗಿಯೇ ಉಳಿಯುವ ಭಯ. ಈ ಎರಡು ಭಯಗಳ ನಡುವೆ ಪ್ರತಿಯೊಂದು ಸ್ಥಳೀಯ ಧರ್ಮಸಭೆಯೂ ನಡೆದುಬಂದಿದೆ. ನಮ್ಮ ಹಿರಿಯರು 'ದೇವರು', 'ಸರ್ವೇಶ್ವರ' ಎಂಬ ನೆಲದ ಮಾತುಗಳನ್ನು ಅಂಜದೆ ಎತ್ತಿಕೊಂಡರು. ಆದರೆ 'ಶಿಲುಬೆ' ಸಿರಿಯಾಕ್ ಮೂಲದ ಮಾತು, 'ಪಾದ್ರಿ', 'ಇಗರ್ಜಿ' ಪೋರ್ಚುಗೀಸರಿಂದ ಬಂದವು. ನಾವು ದಿನನಿತ್ಯ ಜಪಿಸುವ ನುಡಿಯಲ್ಲಿಯೇ ಆ ಹಳೆಯ ತೀರ್ಮಾನಗಳು ಅಡಗಿವೆ.

ಕೇಳಿಸದ ದನಿ

ಬುರ್ಗೋಸಿನಲ್ಲಿ ಹುಟ್ಟಿದ ದಿಯೇಗೊ ಲೂಯಿಸ್ ದೆ ಸಾನ್ ವಿತೋರೆಸ್ ಅವರು 1668ರ ಜೂನಿನಲ್ಲಿ ಗುವಾಮ್ ದ್ವೀಪಕ್ಕೆ ಬಂದು ಮರಿಯಾನಾ ಪ್ರೇಷಿತಕಾರ್ಯವನ್ನು ಆರಂಭಿಸಿದರು. 1672ರ ಏಪ್ರಿಲ್ 2ರಂದು, ಮತಾಪಾಂಗ್ ಎಂಬ ಮುಖಂಡನ ಹಸುಗೂಸಿಗೆ ಆತನ ಸಮ್ಮತಿಯಿಲ್ಲದೆ ದೀಕ್ಷಾಸ್ನಾನ ಕೊಟ್ಟ ಸಂದರ್ಭದಲ್ಲಿ, ಉಪದೇಶಿ ಪೇದ್ರೊ ಕಾಲುಂಗ್ಸೊದ್ ಅವರೊಂದಿಗೆ ಕೊಲ್ಲಲ್ಪಟ್ಟರು. 1683ರಲ್ಲಿ ಫ್ರಾನ್ಸಿಸ್ಕೊ ಗಾರ್ಸಿಯಾ ಅವರು ಮ್ಯಾಡ್ರಿಡ್‌ನಲ್ಲಿ ಅಚ್ಚು ಹಾಕಿಸಿದ ಜೀವನಚರಿತ್ರೆ ಈ ಘಟನೆಗೆ ಮುಖ್ಯ ಆಕರ. ಸಾನ್ ವಿತೋರೆಸ್ ಅವರಿಗೆ 1985ರಲ್ಲಿ ಪುನೀತ ಪದವಿ, ಕಾಲುಂಗ್ಸೊದ್ ಅವರಿಗೆ 2012ರಲ್ಲಿ ಸಂತ ಪದವಿ ಲಭಿಸಿತು.

ದೀಕ್ಷಾಸ್ನಾನದ ನೀರಿನಲ್ಲಿ ವಿಷವಿದೆ, ಅದು ಕೂಸುಗಳನ್ನು ಕೊಲ್ಲುತ್ತದೆ ಎಂದು ಅಲ್ಲಿ ನೆಲೆಸಿದ್ದ ಚೋಕೊ ಎಂಬ ಚೀನೀಯನು ಸುದ್ದಿ ಹಬ್ಬಿಸಿದನೆಂದು ಈ ವೃತ್ತಾಂತಗಳು ಹೇಳುತ್ತವೆ. ವರದಿಗಾರರ ದೃಷ್ಟಿಯಲ್ಲಿ ಅದು ಸೈತಾನನ ಸುಳ್ಳು. ಆದರೆ ತಾಯಂದಿರ ಕಡೆಯಿಂದ ನೋಡೋಣ. ಸಾಯುವ ಸ್ಥಿತಿಯ ಮಕ್ಕಳಿಗೆ ಮೊದಲು ದೀಕ್ಷಾಸ್ನಾನ ಕೊಡುವುದು ಗುರುಗಳ ಪದ್ಧತಿ. ಅಂಥ ಮಕ್ಕಳು ಸಹಜವಾಗಿಯೇ ತೀರಿಕೊಳ್ಳುತ್ತಿದ್ದರು. ನೀರು ಹಾಕಿದರು, ಮಗು ಸತ್ತಿತು: ಕಣ್ಣೆದುರಿಗೆ ಕಂಡದ್ದು ಇಷ್ಟು. ಜೊತೆಗೆ ಹೊಸ ರೋಗಗಳು ಬಂದವು, ಸೈನಿಕರು ಬಂದರು, ಯುದ್ಧಗಳಾದವು. ಕೆಲವೇ ದಶಕಗಳಲ್ಲಿ ಚಮೊರೊ ಜನಸಂಖ್ಯೆ ಭಯಾನಕವಾಗಿ ಕುಸಿಯಿತು. ತಾಯಂದಿರ ಭಯ ತಪ್ಪು ಕಾರಣವನ್ನು ಹಿಡಿದಿತ್ತು. ಭಯಪಡಬೇಕಾದ ಸಂಗತಿ ಮಾತ್ರ ನಿಜವಾಗಿತ್ತು.

ಆ ಜನರ ಮಾತು ನಮಗೆ ಸಿಗುತ್ತದೆಯೇ? 1700ರಲ್ಲಿ ಪ್ಯಾರಿಸಿನಲ್ಲಿ ಶಾರ್ಲ್ ಲೆ ಗೊಬಿಯನ್ ಅವರು ಪ್ರಕಟಿಸಿದ ಮರಿಯಾನಾ ದ್ವೀಪಗಳ ಇತಿಹಾಸದಲ್ಲಿ ಹುರಾವೊ ಎಂಬ ನಾಯಕನ ಉಜ್ವಲ ಭಾಷಣವಿದೆ. ಪರದೇಶಿಗಳು ಬರುವ ಮುನ್ನ ನಾವು ಸ್ವತಂತ್ರರೂ ಸಂತುಷ್ಟರೂ ಆಗಿದ್ದೆವು ಎಂಬುದು ಅದರ ಸಾರ. ಆದರೆ ಗ್ರಂಥಕರ್ತರು ಆ ದ್ವೀಪಗಳನ್ನು ಕಂಡವರಲ್ಲ. ಭಾಷಣದ ಕಟ್ಟಡ ಯೂರೋಪಿನ ಅಲಂಕಾರಶಾಸ್ತ್ರದ್ದು. ಎದುರಾಳಿಗಳ ಮಾತನ್ನೂ ಬರೆದವರೇ ರಚಿಸಿಕೊಡಬೇಕಾಗಿ ಬಂದದ್ದು ಆ ಮೌನದ ಆಳವನ್ನು ತೋರಿಸುತ್ತದೆ. ರಕ್ತಸಾಕ್ಷಿಗಳನ್ನು ಗೌರವಿಸುವುದಕ್ಕೆ ಆ ಮೌನವನ್ನು ಮರೆಯಬೇಕಾಗಿಲ್ಲ. ಎರಡನ್ನೂ ಒಟ್ಟಿಗೆ ಹೊತ್ತುಕೊಳ್ಳುವುದೇ ಧರ್ಮಸಭೆಯ ಸ್ಮರಣೆ.

ನಮ್ಮ ನೆಲದ ದಾಖಲೆ

ಇದೆಲ್ಲ ದೂರದ ದ್ವೀಪಗಳ ಕಥೆಯೆಂದು ತೋರಬಹುದು. ಆದರೆ ಮೈಸೂರು ರಸ್ತೆ ಹಿಡಿದು ಹೋದರೆ ಸಿಗುವ ಶ್ರೀರಂಗಪಟ್ಟಣದಲ್ಲಿ 17ನೇ ಶತಮಾನದ ನಡುಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಾಮಿ ಅವರು ಮೈಸೂರು ಪ್ರೇಷಿತಕಾರ್ಯಕ್ಕೆ ಅಡಿಗಲ್ಲಿಟ್ಟರು. ಕನ್ನಡ ಕಲಿತರು, ಕನ್ನಡದ ವ್ಯಾಕರಣ, ಧರ್ಮೋಪದೇಶ ಮೊದಲಾದವನ್ನು ಬರೆದರು. ಮನಿಲಾದ ಪುಸ್ತಕಕ್ಕೆ ಸಿಕ್ಕ ಅಚ್ಚಿನ ಭಾಗ್ಯ ಇವಕ್ಕೆ ಸಿಗಲಿಲ್ಲ. ಗೋವೆಗೆ 1556ರಲ್ಲಿಯೇ ಮುದ್ರಣಯಂತ್ರ ಬಂದಿತ್ತು. ಇಥಿಯೋಪಿಯಾಕ್ಕೆಂದು ಹೊರಟ ಆ ಯಂತ್ರವನ್ನು ಅಲ್ಲಿ ನಡೆಸಿದವರು ಹುವಾನ್ ದೆ ಬುಸ್ತಮಾಂತೆ ಎಂಬ ಸ್ಪೇನಿನ ಸಹೋದರರು. ಆದರೂ ಕನ್ನಡದ ಮೊದಲ ಮುದ್ರಿತ ವ್ಯಾಕರಣಕ್ಕಾಗಿ 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ವಿಲಿಯಂ ಕೇರಿ ಅವರ ಪುಸ್ತಕದವರೆಗೆ ಕಾಯಬೇಕಾಯಿತು. 1640ರಲ್ಲಿ ರಾಯ್ತೂರಿನಲ್ಲಿ ಅಚ್ಚಾದ, ಥಾಮಸ್ ಸ್ಟೀಫನ್ಸ್ ಅವರ 'ಕನಾರಿಂ' ಭಾಷೆಯ ವ್ಯಾಕರಣವನ್ನು ಹೆಸರು ನೋಡಿ ಕನ್ನಡದ್ದೆಂದು ತಿಳಿಯಬಾರದು, ಅದು ಕೊಂಕಣಿಯದು.

ಮೈಸೂರಿನ ಗುರುಗಳ ವರದಿಗಳು ಬಹುಮಟ್ಟಿಗೆ ಕೈಬರಹವಾಗಿಯೇ ಯೂರೋಪಿನ ಪತ್ರಾಗಾರಗಳನ್ನು ಸೇರಿದವು. ಅವನ್ನು ಹುಡುಕಿ ಕಥನ ಕಟ್ಟಿಕೊಟ್ಟವರಲ್ಲಿ ಫಾದರ್ ಫೆರ್ರೋಲಿ ಪ್ರಮುಖರು. ಮೈಸೂರಿನ ಯೇಸುಸಭೆಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1955ರಲ್ಲಿ ಕಲ್ಲಿಕೋಟೆಯಲ್ಲಿ ಅಚ್ಚಾಯಿತು. ಕನ್ನಡ ಬಲ್ಲ ಗುರುಗಳು ಪೋರ್ಚುಗೀಸ್, ಲ್ಯಾಟಿನ್ ಕಲಿತು ಆ ಹಾಳೆಗಳನ್ನು ಮತ್ತೆ ಓದಬೇಕಾದ ಕೆಲಸ ಇನ್ನೂ ಬಾಕಿಯಿದೆ. ಓದುವಾಗ ದ್ವೀಪಗಳ ಪತ್ರಗಳಿಂದ ಕಲಿತ ನಾಲ್ಕು ಪ್ರಶ್ನೆಗಳು ನಮ್ಮ ಕೈಯಲ್ಲಿರಲಿ. ಯಾರಿಗಾಗಿ ಬರೆದರು, ಏನನ್ನು ಬದಿಗಿಟ್ಟರು? ಕಂಡದ್ದು ಯಾವುದು, ಕೇಳಿದ್ದು ಯಾವುದು? ಯಾರ ನುಡಿಯಲ್ಲಿ ದೇವರನ್ನು ಹೆಸರಿಸಿದರು? ಯಾರ ದನಿ ಪುಟದ ಹೊರಗೆ ಉಳಿಯಿತು? 1965ರ ಡಿಸೆಂಬರಿನಲ್ಲಿ ಪ್ರಕಟವಾದ, ಧರ್ಮಸಭೆಯ ಪ್ರೇಷಿತಕಾರ್ಯವನ್ನು ಕುರಿತ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಆಜ್ಞಾಪತ್ರವು, ಜನಾಂಗಗಳ ಪರಂಪರೆಗಳಲ್ಲಿ ಅಡಗಿರುವ ದಿವ್ಯವಾಣಿಯ ಬೀಜಗಳನ್ನು ಸಂತೋಷದಿಂದ, ಗೌರವದಿಂದ ಗುರುತಿಸಬೇಕೆಂದು ಬೋಧಿಸುತ್ತದೆ. ಬೀಜವನ್ನು ಗುರುತಿಸಬೇಕಾದರೆ ಮೊದಲು ಆ ನೆಲದವರ ಮಾತನ್ನು ಕೇಳಬೇಕು.

ಕ್ರೈಸ್ತ ಪರಂಪರೆಯಲ್ಲಿ ದ್ವೀಪವಾಸಿಗಳನ್ನು ಕುರಿತ ಅತಿ ಹಳೆಯ ವೃತ್ತಾಂತಗಳಲ್ಲಿ ಒಂದು ಪ್ರೇಷಿತರ ಕಾರ್ಯಕಲಾಪಗಳ 28ನೇ ಅಧ್ಯಾಯದಲ್ಲಿದೆ. ಹಡಗೊಡೆದು ಮಾಲ್ಟಾ ದಡ ಸೇರಿದ ಪೌಲರ ಸಂಗಡಿಗರನ್ನು ಅಲ್ಲಿಯ ಜನ ಮಳೆಚಳಿಯಲ್ಲಿ ಬೆಂಕಿ ಹಾಕಿ ಬರಮಾಡಿಕೊಂಡರು. ಲೂಕರು ಆ ಜನರನ್ನು ಗ್ರೀಕ್ ಅಲ್ಲದ ಮಾತನಾಡುವವರಿಗೆ ಸಲ್ಲುವ 'ಬಾರ್ಬರೊಯ್' ಎಂಬ ಪದದಿಂದಲೇ ಕರೆಯುತ್ತಾರೆ. ಹಾವು ಕಚ್ಚಿದಾಗ ಅವರು ಪೌಲರನ್ನು ಮೊದಲು ಕೊಲೆಗಾರನೆಂದು, ಅನಂತರ ದೇವರೆಂದು ಭಾವಿಸಿದ್ದನ್ನೂ ಮುಚ್ಚಿಡುವುದಿಲ್ಲ. ಆದರೆ ಮೊಟ್ಟಮೊದಲಿಗೆ ದಾಖಲಿಸಿದ್ದು ಅವರ ಅಸಾಧಾರಣ ಕರುಣೆಯನ್ನು. ಆ ದ್ವೀಪದಲ್ಲಿ ಇಷ್ಟು ಮಂದಿಗೆ ದೀಕ್ಷಾಸ್ನಾನವಾಯಿತೆಂಬ ಲೆಕ್ಕ ಅಲ್ಲಿಲ್ಲ. ರೋಗಿಗಳು ಗುಣವಾದರು, ಹೊರಡುವಾಗ ಆ ಜನ ಪ್ರಯಾಣಕ್ಕೆ ಬೇಕಾದುದನ್ನೆಲ್ಲ ಹಡಗಿಗೆ ತಂದು ತುಂಬಿದರು. ನಾಳೆ ನಮ್ಮ ವಿದ್ಯಾರ್ಥಿಗಳು ಕೊಳ್ಳೇಗಾಲದ ಹಳ್ಳಿಗೋ ಛೋಟಾನಾಗಪುರಕ್ಕೋ ಹೋಗಿ ತಮ್ಮ ಮೊದಲ ವರದಿಯನ್ನು ಬರೆಯುವಾಗ, ಆ ಜನರಿಂದ ತಾವು ಪಡೆದದ್ದೇನೆಂಬುದನ್ನು ಮೊದಲ ಸಾಲಿನಲ್ಲಿಯೇ ಬರೆಯಲಿ.